ಕುಲುಕು ಯಾರ ಪಾಲಿಗೆ?

ಬೀಳ್ಕೊಡುಗೆ ಸಮಾರಂಭಗಳಲ್ಲಿ, ಮಹಿಳಾ ದಿನಾಚರಣೆಗಳಲ್ಲಿ ಹೆಂಗಸರನ್ನು ಹೊಗಳಬೇಕಾಗಿ ಬಂದರೆ ನಮ್ಮ ಭಾಷಣಕಾರರು ಮೊದಲೆಲ್ಲ ಭೂಮಿತಾಯಿಯನ್ನು ಕರೆಯುತ್ತಿದ್ದರು. ಭೂಮಿತಾಯಿ ಸ್ವಲ್ಪ ಹಳೆಯದಾಯಿತೆಂದೋ ಏನೋ, ಈಚೆಗೆ ಆ ಜಾಗಕ್ಕೆ ಶಾಕ್ ಅಬ್ಸಾರ್ಬರ್ ಬಂದು ಕೂತಿದೆ. ‘ಗೃಹಿಣಿಯೆಂದರೆ ಸಂಸಾರರಥದ ಶಾಕ್ ಅಬ್ಸಾರ್ಬರ್ ಇದ್ದಂತೆ’ ಎಂದರೆ ಸಾಕು, ಮುಂದಿನ ಸಾಲಿನ ಗಂಡಸರು ತಲೆದೂಗುತ್ತಾರೆ, ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೋದ ಮಳೆಗಾಲ ಮುಗಿದ ಮೇಲೆ ನಮ್ಮ ಹಳೆಯ ಬೊಲೆರೊ ಗಾಡಿಯ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸುವ ಪ್ರಸಂಗ ಬಂತು. ಯಾವುದನ್ನು ಹಾಕಿಸುವುದೆಂದು ಮನೆಯಲ್ಲಿ ಮೂರು ವಾರ ಚರ್ಚೆ ನಡೆಯಿತು. ಆ ವಸ್ತು ನಿಜವಾಗಿ ಮಾಡುವ ಕೆಲಸವೇನೆಂದು ತಿಳಿದ ಮೇಲೆ ಆ ಹೊಗಳಿಕೆ ನನಗೆ ಬೇರೆಯೇ ಥರ ಕೇಳಿಸತೊಡಗಿದೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದರ ಹೆಸರು ‘ಶಾಕಪ್’. ಹೆಸರೇ ತಪ್ಪು ಎಂದು ಮೊದಲು ಹೇಳಿದವರು ನಮ್ಮ ಗ್ಯಾರೇಜಿನ ಮೇಸ್ತ್ರಿ. ಗುಂಡಿಗೆ ಚಕ್ರ ಬಿದ್ದಾಗ ಆಗುವ ಪೆಟ್ಟನ್ನು ತೆಗೆದುಕೊಳ್ಳುವುದು ಶಾಕಪ್ ಅಲ್ಲವಂತೆ. ಮೊದಲ ಪೆಟ್ಟು ಟಯರಿನ ಗಾಳಿಗೆ, ಆಮೇಲಿನದು ಸ್ಪ್ರಿಂಗಿಗೆ. ನಮ್ಮ ಗಾಡಿಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳು. ಗಾಡಿಯ ಭಾರ ಹೊರುವುದೂ ಅವೇ. ಆದರೆ ಸ್ಪ್ರಿಂಗಿಗೆ ಒಂದು ಗುಣ: ಕೊಟ್ಟದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ. ಒತ್ತಿದಷ್ಟೇ ಬಲದಿಂದ ವಾಪಸು ಚಿಮ್ಮುತ್ತದೆ, ಮತ್ತೆ ಕುಗ್ಗುತ್ತದೆ, ಮತ್ತೆ ಚಿಮ್ಮುತ್ತದೆ. ಒಂದು ಗುಂಡಿಯ ಸಿಟ್ಟನ್ನು ಅರ್ಧ ಫರ್ಲಾಂಗಿನವರೆಗೂ ಆಡಿಕೊಳ್ಳುವ ಜಾತಿ ಅದು. ಆ ಕುಣಿತಕ್ಕೆ ಕೊನೆ ಹಾಡುವುದು ಮಾತ್ರ ಶಾಕಪ್ಪಿನ ಕೆಲಸ. ಇಂಗ್ಲೆಂಡಿನವರು ಅದನ್ನು ‘ಡ್ಯಾಂಪರ್’ ಎನ್ನುವುದು ಹೆಚ್ಚು ಸರಿ.

ಒಳಗೆ ಏನಿದೆ ಎನ್ನುವುದು ಚಕ್ಕುಲಿ ಒರಳು ಹಿಡಿದು ಗೊತ್ತಿರುವವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕೊಳವೆ, ಅದರ ತುಂಬ ಎಣ್ಣೆ, ಎಣ್ಣೆಯೊಳಗೆ ಸಣ್ಣ ಸಣ್ಣ ತೂತುಗಳಿರುವ ಒಂದು ಬಿಲ್ಲೆ. ಚಕ್ರ ಮೇಲೆ ಕೆಳಗೆ ಆಡಿದ ಹಾಗೆಲ್ಲ ಆ ಬಿಲ್ಲೆ ಎಣ್ಣೆಯೊಳಗೆ ಓಡಾಡಬೇಕು, ಎಣ್ಣೆ ಆ ಕಿರಿದಾದ ತೂತುಗಳಲ್ಲಿ ತೂರಿ ಆ ಕಡೆ ಸೇರಬೇಕು. ನಿಧಾನವಾಗಿ ಒತ್ತಿದರೆ ಹಿಟ್ಟು ಸಲೀಸಾಗಿ ಇಳಿಯುತ್ತದೆ. ಅವಸರದಲ್ಲಿ ಒತ್ತಿದಷ್ಟೂ ಒರಳು ಎದುರು ನಿಲ್ಲುತ್ತದೆ. ಶಾಕಪ್ಪಿನ ನ್ಯಾಯವೂ ಅದೇ. ಭಾರ ಎಷ್ಟೆಂದು ಅದು ಕೇಳುವುದಿಲ್ಲ, ವೇಗ ಎಷ್ಟೆಂದು ಮಾತ್ರ ಕೇಳುತ್ತದೆ. ಇನ್ನೊಂದು ಸೊಗಸೆಂದರೆ, ಸಾಮಾನ್ಯವಾಗಿ ಅದು ಕುಗ್ಗುವಾಗ ತೋರುವ ವಿರೋಧಕ್ಕಿಂತ ಹಿಗ್ಗುವಾಗ ತೋರುವ ವಿರೋಧ ಹೆಚ್ಚು. ಅಂದರೆ ಪೆಟ್ಟು ಬಂದಾಗ ಸ್ವಲ್ಪ ಬಾಗುತ್ತದೆ, ಪೆಟ್ಟಿಗೆ ಉತ್ತರ ಕೊಡಲು ಹೊರಟ ಸ್ಪ್ರಿಂಗನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಹಾಗಾದರೆ ಆ ಕುಲುಕಿನ ಶಕ್ತಿ ಎಲ್ಲಿಗೆ ಹೋಯಿತು? ನನ್ನ ಕುತೂಹಲ ಕೆರಳಿದ್ದು ಇಲ್ಲಿ. ಅದು ಒಳಗೇ ಉಳಿಯುವುದಿಲ್ಲ. ತೂತುಗಳಲ್ಲಿ ತಿಕ್ಕಾಡಿದ ಎಣ್ಣೆ ಬಿಸಿಯಾಗುತ್ತದೆ, ಎಣ್ಣೆಯ ಬಿಸಿ ಕೊಳವೆಗೆ ಬರುತ್ತದೆ, ಕೊಳವೆಯ ಬಿಸಿಯನ್ನು ಬೀಸುವ ಗಾಳಿ ಒಯ್ಯುತ್ತದೆ. ಪ್ರತಿ ಗುಂಡಿಯೂ ಒಂದಿಷ್ಟು ಶಾಖವಾಗಿ ಗಾಳಿಗೆ ಸೇರಿಹೋಗುತ್ತದೆ. ನಮ್ಮ ಭಾಷಣಕಾರರು ಹೇಳುವ ಹಾಗೆ ‘ಎಲ್ಲವನ್ನೂ ತನ್ನೊಳಗೆ ನುಂಗಿಕೊಂಡು’ ಇರುವ ಶಾಕಪ್ ಲೋಕದಲ್ಲಿ ಒಂದೂ ಇಲ್ಲ. ಶಾಖ ಬಿಡಲು ಪುರುಸೊತ್ತು ಸಿಗದೆ ಕಲ್ಲುದಾರಿಯಲ್ಲಿ ಒಂದೇ ಸಮನೆ ಓಡಿದರೆ ಎಣ್ಣೆ ತೆಳುವಾಗುತ್ತದೆ, ಅದರೊಳಗೆ ಗಾಳಿ ಸೇರಿ ನೊರೆಯಾಗುತ್ತದೆ. ನೊರೆಗೆ ಎದುರು ನಿಲ್ಲುವ ಶಕ್ತಿ ಎಲ್ಲಿಂದ ಬರಬೇಕು? ಬಿಲ್ಲೆ ಸುಮ್ಮನೆ ಮೇಲೆ ಕೆಳಗೆ ಜಾರುತ್ತದೆ, ಅಷ್ಟೆ. ‘ಗ್ಯಾಸ್ ಶಾಕಪ್’ ಎಂದು ಮಾರುವುದರಲ್ಲಿ ಎಣ್ಣೆಯ ಬದಲು ಗ್ಯಾಸ್ ಇರುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಎಣ್ಣೆ ಅದರಲ್ಲೂ ಇದೆ. ನೊರೆ ಏಳದಂತೆ ಎಣ್ಣೆಯನ್ನು ಒತ್ತಿ ಹಿಡಿಯಲು ಮಾತ್ರ ನೈಟ್ರೋಜನ್ ಅನಿಲ ತುಂಬಿರುತ್ತಾರೆ.

ನಮ್ಮ ಗಾಡಿ 2009ರ ಮಾಡೆಲ್ಲು. ಹದಿನೈದು ವರ್ಷ ತುಂಬಿ ಮರುನೋಂದಣಿಯೂ ಆಗಿದೆ. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ತಿಂಗಳಿಗೊಮ್ಮೆಯಾದರೂ ಶಿವಮೊಗ್ಗಕ್ಕೆ ಹೋಗಬೇಕು, ಅತ್ತೆಯವರ ಬೆನ್ನಿಗಾಗಿ. ಅವರಿಗೆ ಎಪ್ಪತ್ತೊಂಬತ್ತು. ಮೂಳೆ ಟೊಳ್ಳಾಗುವ ಕಾಯಿಲೆ. ಬೆನ್ನಿನ ಎರಡು ಕಶೇರುಗಳು ಒತ್ತಿ ಚಪ್ಪಟೆಯಾಗಿವೆ. ಬಿದ್ದದ್ದಿಲ್ಲ, ಏಟಾದದ್ದಿಲ್ಲ. ಮೂಳೆ ಅಷ್ಟು ಸವೆದ ಮೇಲೆ ಬಗ್ಗಿ ಬಿಂದಿಗೆ ಎತ್ತಿದರೂ ಸಾಕು, ಜೋರಾಗಿ ಕೆಮ್ಮಿದರೂ ಸಾಕಂತೆ. ಎಷ್ಟೋ ಮಂದಿಗೆ ಮುರಿದದ್ದು ಗೊತ್ತೇ ಆಗುವುದಿಲ್ಲ. ವಯಸ್ಸಾಯಿತು, ಬೆನ್ನು ನೋವು ಇದ್ದದ್ದೇ ಎಂದುಕೊಂಡು ಕೆಲಸ ಮಾಡುತ್ತಾ ಇರುತ್ತಾರೆ, ಮೆಲ್ಲಗೆ ಗಿಡ್ಡವಾಗುತ್ತಾ ಹೋಗುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ‘ಕುಲುಕಾಟ ಆಗಬಾರದು’ ಎಂದರು ಡಾಕ್ಟರು. ಹಾಗೆ ಹೇಳುವವರ ಹತ್ತಿರ ಹೋಗಿ ಬರಲಿಕ್ಕೇ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ಕುಲುಕಾಟ.

ಶಾಕಪ್ ಸವೆಯುವುದೂ ಹೀಗೆಯೇ, ಸದ್ದಿಲ್ಲದೆ. ಬ್ರೇಕ್ ಸವೆದರೆ ಕಿರುಚುತ್ತದೆ, ಬ್ಯಾಟರಿ ಸತ್ತರೆ ಗಾಡಿ ನಿಲ್ಲುತ್ತದೆ. ಶಾಕಪ್ಪು ಮಾತ್ರ ದಿನಕ್ಕೆ ಕೂದಲೆಳೆಯಷ್ಟು ಕೆಡುತ್ತದೆ, ಓಡಿಸುವವರ ಕೈಯೂ ಕೂದಲೆಳೆಯಷ್ಟೇ ಅದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮವರನ್ನು ಕೇಳಿದರೆ ಗಾಡಿಗೆ ಏನೂ ಆಗಿಲ್ಲ. ಹೊರಗಿನವರು ಹತ್ತಿದಾಗಲೇ ಗೊತ್ತಾಗುವುದು. ಬೆಂಗಳೂರಿನಿಂದ ಬಂದಿದ್ದ ನಮ್ಮ ಅಣ್ಣನ ಮಗ ನಾಲ್ಕು ಕಿಲೋಮೀಟರ್ ಓಡಿಸಿದವನೇ, ‘ಅತ್ತೆ, ಇದು ಗಾಡಿಯೋ ದೋಣಿಯೋ?’ ಎಂದ. ಬಾನೆಟ್ಟಿನ ಮೂಲೆಯನ್ನು ಬಲವಾಗಿ ಅದುಮಿ ಕೈಬಿಟ್ಟು ತೋರಿಸಿದ. ಸರಿಯಿರುವ ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು. ನಮ್ಮದು ಮೂರು ನಾಲ್ಕು ಸಲ ನಮಸ್ಕಾರ ಮಾಡಿತು.

ಮೇಸ್ತ್ರಿ ಮಾಡಿದ ಪರೀಕ್ಷೆ ಇನ್ನೂ ಸರಳ. ಹಾಳು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು, ಗಾಡಿಯ ಕೆಳಗೆ ತೂರಿ ನಾಲ್ಕೂ ಶಾಕಪ್ಪುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಮುಂದಿನ ಎರಡು ಚೆನ್ನಾಗಿ ಬಿಸಿಯಾಗಿದ್ದವು, ಹಿಂದಿನ ಬಲಗಡೆಯದು ಉಗುರು ಬೆಚ್ಚಗೆ. ಹಿಂದಿನ ಎಡಗಡೆಯದು ತಣ್ಣಗೆ ಕೊರೆಯುತ್ತಿತ್ತು.

‘ತಣ್ಣಗಿರೋದು ಒಳ್ಳೇದಲ್ವಾ?’ ಎಂದು ಕೇಳಿದೆ.

‘ಬಿಸಿ ಆಗಿಲ್ಲ ಅಂದ್ರೆ ಕೆಲ್ಸಾನೇ ಮಾಡ್ತಿಲ್ಲ ಅಂತ ಅರ್ಥ ಅಕ್ಕಾ. ಅದು ಸತ್ತು ವರ್ಷ ಆಗಿರಬೇಕು’ ಎಂದರು ಮೇಸ್ತ್ರಿ.

ಆ ಎಡಗಡೆಯ ಶಾಕಪ್ಪಿನ ನೇರ ಮೇಲೆ ಇರುವುದು ಹಿಂದಿನ ಅಡ್ಡ ಸೀಟು. ನಮ್ಮ ಮನೆಯಲ್ಲಿ ಆ ಸೀಟಿನಲ್ಲಿ ಕೂರುವವರು ಯಾರೆಂದು ಹೇಳಬೇಕಾಗಿಲ್ಲ. ನೆಂಟರಿಷ್ಟರ ಮದುವೆಗೆ ಹೊರಟರೆ ಮುಂದೆ ಗಂಡಸರು, ನಡುವೆ ಅಳಿಯಂದಿರು ಮತ್ತು ಬೀಗರು, ಹಿಂದೆ ಹೆಂಗಸರು, ಮಕ್ಕಳು, ಬಾಳೆಗೊನೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕೂತವರಿಗೆ ಕುಲುಕು ಕಡಿಮೆ, ಹಿಂದಿನ ಚಕ್ರದ ಮೇಲೆ ಕೂತವರಿಗೆ ಹೆಚ್ಚು. ಏತದ ತುದಿಗೂ ನಡುವಿಗೂ ಇರುವಷ್ಟೇ ವ್ಯತ್ಯಾಸ. ಓಡಿಸುವವರಿಗೆ ಕೈಯಲ್ಲಿ ಚಕ್ರ ಇರುತ್ತದೆ, ಗುಂಡಿ ಮೊದಲೇ ಕಾಣುತ್ತದೆ, ಮೈ ತಾನಾಗಿ ಬಿಗಿಯಾಗುತ್ತದೆ. ಅಡ್ಡ ಕೂತವಳಿಗೆ ರಸ್ತೆಯೇ ಕಾಣುವುದಿಲ್ಲ. ಗಾಡಿ ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಮಾತ್ರ ಯಾವಾಗಲೂ ಮುಂದೆ ಕೂತವರು.

ಇನ್ನು ಆಯ್ಕೆಯ ವಿಷಯ. ಅಣ್ಣನ ಮಗ ವಾರದ ಕೊನೆಗೆ ಗೆಳೆಯರೊಡನೆ ಕಾಡುಮೇಡು ಹತ್ತುವವನು. ಜರ್ಮನಿಯ ಬಿಲ್‌ಸ್ಟೀನ್, ನೆದರ್ಲೆಂಡ್ಸಿನ ಕೋನಿ, ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು ಎಂದು ಹೆಸರುಗಳನ್ನು ಹೇಳಿದ. ನಮ್ಮ ಗಾಡಿಗೆ ಹೊಂದುವುದು ಸಿಗುತ್ತದೋ ಹುಡುಕಿಸುತ್ತೇನೆ, ಗಾಡಿಯನ್ನು ಎರಡು ಇಂಚು ಎತ್ತರಿಸಿಯೂ ಬಿಡೋಣ ಎಂದ. ಇಮು ಎಂದರೆ ಉಷ್ಟ್ರಪಕ್ಷಿಯಂಥ ಒಂದು ಹಕ್ಕಿ ಎಂದು ಗೊತ್ತಾದ ಮೇಲೆ ಅತ್ತೆ, ‘ಮುದಿ ಹಕ್ಕಿ ಹೆಸರಿಂದೇ ಹಾಕ್ಸಿ, ಮುದುಕಿಗೆ ಸರಿಹೋದೀತು’ ಎಂದರು. ಬೆಲೆ ಕೇಳಿದರೆ ಮೇಸ್ತ್ರಿ ಹೇಳಿದ್ದಕ್ಕಿಂತ ಎಂಟು ಹತ್ತು ಪಟ್ಟು. ನಮ್ಮವರಿಗೆ ಗಾಡಿ ಇನ್ನೆಷ್ಟು ವರ್ಷ ಎಂಬ ಲೆಕ್ಕ: ಹದಿನಾರು ವರ್ಷದ ಎತ್ತಿಗೆ ಬೆಳ್ಳಿಯ ಕೊಡಣಸು ಯಾಕೆ? ಸತ್ತದ್ದು ಒಂದೇ ತಾನೆ, ಅದೊಂದನ್ನೇ ಬದಲಾಯಿಸಿದರೆ ಸಾಲದೇ? ಮೇಸ್ತ್ರಿ ಅದಕ್ಕೆ ಮಾತ್ರ ಒಪ್ಪಲಿಲ್ಲ. ಒಂದೇ ಅಚ್ಚಿನ ಎರಡು ಕಡೆಗೆ ಒಂದು ಹೊಸದು ಒಂದು ಹಳೆಯದು ಹಾಕಿದರೆ ತಿರುವಿನಲ್ಲಿ ಗಾಡಿ ಒಂದೊಂದು ಕಡೆಗೆ ಒಂದೊಂದು ಥರ ವಾಲುತ್ತದೆ. ಬದಲಾಯಿಸುವುದಾದರೆ ಜೋಡಿಯಾಗಿಯೇ ಎಂದರು.

ದುಬಾರಿಯದು ಕೆಟ್ಟದ್ದಲ್ಲ. ಆ ಹುಡುಗ ಹೇಳಿದ್ದು ಅವನ ಮಟ್ಟಿಗೆ ಸರಿ. ದಪ್ಪ ಕೊಳವೆಯಲ್ಲಿ ಎಣ್ಣೆ ಹೆಚ್ಚು ಹಿಡಿಯುತ್ತದೆ, ಗಂಟೆಗಟ್ಟಲೆ ಕಲ್ಲುದಾರಿಯಲ್ಲಿ ಓಡಿದರೂ ಸೋಲುವುದಿಲ್ಲ. ಆದರೆ ‘ಗಟ್ಟಿ’ ಎಂದರೆ ‘ಒಳ್ಳೆಯದು’ ಎಂದು ತಿಳಿಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಶಾಕಪ್ ಬಿರುಸಾದಷ್ಟೂ ತಿರುವಿನಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಓಡಿಸುವವನಿಗೆ ಖುಷಿ. ಆದರೆ ರಸ್ತೆಯ ಸಣ್ಣ ಸಣ್ಣ ಕಲ್ಲನ್ನೆಲ್ಲ ಅದು ಸೀಟಿಗೆ ದಾಟಿಸುತ್ತದೆ. ಸುಖವಾದ ಗಾಡಿಯ ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲ ಏರಿಳಿಯುತ್ತದಂತೆ, ಹೆಚ್ಚುಕಡಿಮೆ ನಾವು ನಡೆಯುವ ಲಯದಲ್ಲಿ. ಕೂತ ಮನುಷ್ಯನ ಮೈಗೆ ಅತಿ ಹೆಚ್ಚು ತೊಂದರೆ ಕೊಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಆಗುವ ಅದುರು. ಹಾಗೆಂದು ಬಹಳ ಮೆದುವಾದದ್ದನ್ನು ಹಾಕಿಸಿದರೆ ಇನ್ನೊಂದು ಕಷ್ಟ. ಘಾಟಿಯ ತಿರುವುಗಳಲ್ಲಿ ಗಾಡಿ ತೊಟ್ಟಿಲಾಗುತ್ತದೆ, ಆ ನಿಧಾನದ ಓಲಾಟಕ್ಕೆ ನಮ್ಮ ಮೊಮ್ಮಗಳು ಆಗುಂಬೆ ಬರುವುದರೊಳಗೆ ಎರಡು ಸಲ ವಾಂತಿ ಮಾಡುತ್ತಾಳೆ. ಅಜ್ಜಿಯ ಬೆನ್ನಿಗೆ ಮೆತ್ತಗೆ ಬೇಕು, ಮಗುವಿನ ಹೊಟ್ಟೆಗೆ ಬಿಗಿ ಬೇಕು. ಕಮಾನು ಪಟ್ಟಿಯದೂ ಒಂದು ಹಟವಿದೆ: ಅದನ್ನು ಮಾಡಿರುವುದು ಏಳು ಜನ ಮತ್ತು ಸಾಮಾನಿಗೆ. ಗಾಡಿ ತುಂಬಿದ್ದರೆ ಹೂವಿನ ಹಾಗೆ ಹೋಗುತ್ತದೆ, ಇಬ್ಬರೇ ಕೂತರೆ ಒದೆಯುತ್ತದೆ.

ಏಳು ಜನರ ಒಂದು ವಸ್ತುವನ್ನು ಯಾರ ಮೈಗೆ ಹೊಂದಿಸಬೇಕು? ಹೆಚ್ಚು ಸಲ ಕೂರುವವರಿಗೋ, ದುಡ್ಡು ಕೊಟ್ಟವರಿಗೋ, ಓಡಿಸುವವರಿಗೋ, ಎಲ್ಲರ ಸರಾಸರಿಗೋ? ಸರಾಸರಿ ಎನ್ನುವುದು ನ್ಯಾಯವಾಗಿ ಕಾಣುತ್ತದೆ, ಆದರೆ ಸರಾಸರಿ ಮನುಷ್ಯ ಯಾವ ಸೀಟಿನಲ್ಲೂ ಕೂತಿರುವುದಿಲ್ಲ. ಗಟ್ಟಿಮುಟ್ಟಾದವನಿಗೆ ಕುಲುಕು ಒಂದು ಕಿರಿಕಿರಿ. ಮೂಳೆ ಸವೆದವಳಿಗೆ ಅದೇ ಕುಲುಕು ಮೂರು ತಿಂಗಳ ಹಾಸಿಗೆ. ಎರಡನ್ನೂ ಕೂಡಿಸಿ ಭಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲಕ್ಕಿಂತ ಸೂಕ್ಷ್ಮವಾದ ಮೈ ಯಾವುದೋ ಅದಕ್ಕೆ ಹೊಂದಿಸಿ, ಉಳಿದವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದೇ ಸರಿ ಎಂದು ನನ್ನ ವಾದವಾಗಿತ್ತು. ಅದಕ್ಕೂ ಒಂದು ಗಡಿ ಉಂಟು. ಶಾಕಪ್ಪಿನ ಮೊದಲ ಕರ್ತವ್ಯ ನಮ್ಮ ಸುಖವೇ ಅಲ್ಲ, ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಚಕ್ರ ಪುಟಿಯುತ್ತಿದ್ದರೆ ಬ್ರೇಕ್ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ನೆಲ ಮುಟ್ಟದ ಟಯರನ್ನು ಯಾವ ಬ್ರೇಕು ನಿಲ್ಲಿಸೀತು? ಸತ್ತ ಶಾಕಪ್ಪಿನ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಆ ಹೆಚ್ಚಿನ ದೂರದಲ್ಲಿ ಯಾರದೋ ಮಗು ರಸ್ತೆ ದಾಟುತ್ತಿರಬಹುದು. ಗಾಡಿಯೊಳಗೆ ಇಲ್ಲದ ಎಂಟನೆಯವರು ಅವರು. ನಮ್ಮ ಮೂರು ವಾರದ ಚರ್ಚೆಯಲ್ಲಿ ಅವರ ಪರವಾಗಿ ಮಾತಾಡಿದವರು ಮೇಸ್ತ್ರಿ ಒಬ್ಬರೇ.

ಕೊನೆಗೆ ಗಾಡಿಯೊಡನೆ ಬರುವಂಥದ್ದೇ ಅಳತೆಯ, ನಮ್ಮ ದೇಶದಲ್ಲೇ ತಯಾರಾದ ಗ್ಯಾಸ್ ತುಂಬಿದವನ್ನು ನಾಲ್ಕೂ ಕಡೆಗೆ ಹಾಕಿಸಿದ್ದಾಯಿತು. ಸವೆದ ರಬ್ಬರ್ ಬುಷ್ಷುಗಳನ್ನೂ ಬದಲಾಯಿಸಿದರು. ‘ಕಟಕಟ’ ಎನ್ನುತ್ತಿದ್ದದ್ದು ಅವು. ಟಯರಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿಸುವ ನಮ್ಮವರ ಚಟಕ್ಕೂ ಮೇಸ್ತ್ರಿ ಕತ್ತರಿ ಹಾಕಿದರು. ಬಿಡಿಕಾಸು ಖರ್ಚಿಲ್ಲದ ಆ ಒಂದು ಕೆಲಸದಿಂದಲೇ ಅರ್ಧ ಅದುರು ಕಡಿಮೆಯಾದಂತೆ ನನಗೆ ಅನ್ನಿಸಿತು.

ಗೆಳತಿಯೊಬ್ಬಳು ಇದನ್ನೆಲ್ಲ ಕೇಳಿ ಒಂದು ಕೊಂಕು ತೆಗೆದಳು. ‘ನೀವು ಅನುಕೂಲಸ್ಥರು ಹೀಗೆ ಒಬ್ಬೊಬ್ಬರೇ ನಿಮ್ಮ ಸೀಟು ಮೆತ್ತಗೆ ಮಾಡ್ಕೊಂಡ್ರೆ ರಸ್ತೆ ರಿಪೇರಿ ಮಾಡಿ ಅಂತ ಕೇಳೋರು ಯಾರು?’ ಎಂದಳು. ಈ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಕುಡಿಯುವ ನೀರು ಕೆಟ್ಟಾಗ ಮನೆಗೊಂದು ಫಿಲ್ಟರ್ ಬಂತು, ಕರೆಂಟು ಹೋದಾಗ ಇನ್ವರ್ಟರ್ ಬಂತು, ಶಾಲೆ ಸೊರಗಿದಾಗ ಮಕ್ಕಳು ಬೇರೆ ಶಾಲೆಗೆ ಹೋದರು. ಒಬ್ಬೊಬ್ಬರಾಗಿ ನಾವು ದೂರುವ ಸಾಲಿನಿಂದ ಹೊರಗೆ ಬಂದೆವು, ಸಾಲಿನಲ್ಲಿ ಉಳಿದವರು ದನಿ ಇಲ್ಲದವರು. ನಮ್ಮೂರ ತಿರುವಿನ ಅದೇ ಗುಂಡಿಯಲ್ಲಿ ಬಸ್ಸಿನ ಕೊನೆಯ ಸೀಟಿನವರು ಹಾರಿ ಬೀಳುತ್ತಾರೆ, ಆಟೋದಲ್ಲಿ ತುಂಬು ಬಸುರಿಯರು ಆಸ್ಪತ್ರೆಗೆ ಹೋಗುತ್ತಾರೆ.

ಆದರೆ ನಾನು ಕುಲುಕಿಕೊಂಡೇ ಓಡಾಡಿದರೆ ಗುಂಡಿ ಮುಚ್ಚುತ್ತದೆಯೆ? ಅತ್ತೆಯವರ ಬೆನ್ನುಮೂಳೆಯನ್ನು ಸತ್ಯಾಗ್ರಹಕ್ಕೆ ಕೂರಿಸುವ ಹಕ್ಕು ನನಗಿಲ್ಲ. ಕಷ್ಟವನ್ನು ಹಂಚಿಕೊಂಡೆವೆಂಬ ತೃಪ್ತಿಗಾಗಿ ಕಷ್ಟಪಡುವುದರಲ್ಲಿ ಅಹಂಕಾರದ ಒಂದು ಪಾಲು ಇರುತ್ತದೆ. ನನಗೆ ಭಯವಿರುವುದು ಬೇರೆಯದಕ್ಕೆ. ಹೊಸ ಶಾಕಪ್ ಹಾಕಿಸಿದ ಎರಡನೆಯ ವಾರಕ್ಕೆ ನಮ್ಮವರು ಮೊದಲು ನಲವತ್ತರಲ್ಲಿ ದಾಟುತ್ತಿದ್ದ ತುಂಡು ರಸ್ತೆಯನ್ನು ಅರವತ್ತರಲ್ಲಿ ದಾಟತೊಡಗಿದರು. ಗುಂಡಿ ಇದ್ದಲ್ಲೇ ಇದೆ, ಅವರಿಗೆ ಮರೆತುಹೋಗಿದೆ. ಸುಖ ಕೊಳ್ಳುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಕೊಂಡ ಸುಖ ನಮ್ಮ ಕಣ್ಣಿಂದ ಗುಂಡಿಯನ್ನೇ ಅಳಿಸಿಬಿಡುತ್ತದಲ್ಲ, ಅದಕ್ಕೆ ಏನು ಮಾಡುವುದು? ಸದ್ಯಕ್ಕೆ ನಾನು ಮಾಡಿದ್ದು ಇಷ್ಟೆ: ನಮ್ಮೂರ ಸ್ತ್ರೀಶಕ್ತಿ ಸಂಘದ ಹೆಂಗಸರು ಪಂಚಾಯಿತಿಗೆ ಕೊಡಲು ಬರೆದಿದ್ದ ಮನವಿಗೆ ರುಜು ಹಾಕಿದೆ. ಅತ್ತೆಯವರೂ ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ, ‘ಗುಂಡಿ ಎಷ್ಟು ಆಳ ಅಂತ ಬರ್ದೇ ಇಲ್ವಲ್ಲ’ ಎಂದು ಆಕ್ಷೇಪ ಎತ್ತಿ, ಮಾರನೆಯ ದಿನ ಯಾರನ್ನೋ ಕಳಿಸಿ ಕೋಲಿನಲ್ಲಿ ಅಳೆಸಿ, ಆಮೇಲೆ ರುಜು ಹಾಕಿದರು. ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಮೊದಲ ಬಾರಿ ಹೇಳಿದವರು ಗಂಡಸಿನ ಲಿಂಗದಲ್ಲಿ ಹೇಳಿದ್ದಾರೆ. ಬಾಳುವುದನ್ನು ಅವನಿಗೆ ಬಿಟ್ಟು ತಾಳುವುದನ್ನು ನಾವು ವಹಿಸಿಕೊಂಡದ್ದು ಯಾವಾಗಲೋ ತಿಳಿಯದು. ನಾನು ತಾಳ್ಮೆಯ ವಿರೋಧಿಯಲ್ಲ. ಸ್ಪ್ರಿಂಗಿನ ಹಾಗೆ ಬಂದದ್ದನ್ನೆಲ್ಲ ಬಂದ ಹಾಗೇ ತಿರುಗಿ ಎಸೆಯುವವರ ಜೊತೆ ಸಂಸಾರ ಮಾಡುವುದು ಕಷ್ಟ. ಮನೆಯಲ್ಲಿ ಒಬ್ಬರಾದರೂ ಕುಣಿತ ನಿಲ್ಲಿಸುವವರು ಬೇಕು. ಆದರೆ ಆ ಕೆಲಸ ಮಾಡುವವರು ಬಿಸಿಯಾಗುತ್ತಾರೆ. ಬಿಸಿಯಾದದ್ದು ಗುಣ, ಆ ಬಿಸಿ ಹೊರಗೆ ಹೋಗಲು ಗಾಳಿಯಾಡಬೇಕು. ಅತ್ತೆಯವರು ಮೂವತ್ತು ವರ್ಷ ಹದಿನೆಂಟು ಜನರ ಕೂಡುಕುಟುಂಬದಲ್ಲಿ ಬೇಯಿಸಿ ಬಡಿಸಿದವರು. ‘ನಮ್ಮಮ್ಮ ಒಂದು ದಿನ ಸಿಟ್ಟು ಮಾಡಿದವರಲ್ಲ, ತಣ್ಣನೆಯ ಜೀವ’ ಎಂದು ನಮ್ಮವರು ಎಲ್ಲರೆದುರು ಹೆಮ್ಮೆಯಿಂದ ಹೇಳುತ್ತಾರೆ. ಮೊನ್ನೆ ಮತ್ತೆ ಹಾಗೆ ಹೇಳಿದಾಗ ನನಗೆ ಗಾಡಿಯ ಕೆಳಗೆ ಮಲಗಿದ್ದ ಮೇಸ್ತ್ರಿಯ ಬೆರಳು ನೆನಪಾಯಿತು. ಅತ್ತೆಯವರ ಮುಖ ನೋಡಿದೆ. ಅವರು ಅವರೆಕಾಳು ಸುಲಿಯುತ್ತಿದ್ದರು.

‘ಸಿಟ್ಟು ಬರ್ತಿತ್ತು. ಹಿಂದೆ ಕೊಟ್ಟಿಗೆಗೆ ಹೋಗಿ ದನಕ್ಕೆ ಬೈದು ಬರ್ತಿದ್ದೆ’ ಎಂದರು, ತಲೆ ಎತ್ತದೆ.

ನಮ್ಮವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರ ಮಟ್ಟಿಗೆ ಅದು ಅರವತ್ತು ವರ್ಷದಲ್ಲಿ ಕೇಳಿದ ಹೊಸ ಸುದ್ದಿ. ಸಂಜೆಯವರೆಗೂ ಮಂಕಾಗಿದ್ದರು.

ಮುಂದಿನ ಸೋಮವಾರ ಮತ್ತೆ ಶಿವಮೊಗ್ಗಕ್ಕೆ ಹೋಗುವುದಿದೆ. ಈ ಸಲ ನಮ್ಮ ನಾದಿನಿಯ ಮನೆಯವರೂ ಬರುತ್ತಾರೆ, ಗಾಡಿ ತುಂಬುತ್ತದೆ. ಅತ್ತೆಯವರು ನಡುವಿನ ಸೀಟಿನಲ್ಲಿ, ಬೆನ್ನಿಗೆ ದಿಂಬು. ವಾಂತಿ ಮಾಡುವ ಮೊಮ್ಮಗಳು ರಸ್ತೆ ಕಾಣುವ ಹಾಗೆ ಅವರ ಪಕ್ಕದಲ್ಲಿ. ಗಾಡಿ ನಾನು ಓಡಿಸುತ್ತೇನೆ. ಹಿಂದಿನ ಅಡ್ಡ ಸೀಟಿನಲ್ಲಿ ಎಡಗಡೆಗೆ ನಮ್ಮವರು, ಬಲಗಡೆಗೆ ನಾದಿನಿಯ ಗಂಡ. ಹೊಸ ಶಾಕಪ್ ಹೇಗಿದೆಯೆಂದು ಮಂಡಗದ್ದೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರಿಬ್ಬರನ್ನೂ ಕೇಳುವವಳಿದ್ದೇನೆ.